ಬೋರಣ್ಣನ ದಿಣ್ಣೆ

ಮುತ್ತುಗದಹಟ್ಟಿಯಿಂದ ಕೋಳಿಗುಡ್ಡದ ಪಾಳುಕೋಟೆಗೆ ಹೋಗುವ ಬಂಡಿಜಾಡಿನಲ್ಲಿ ಅರ್ಧ ಹರದಾರಿ ನಡೆದರೆ ಎಡಕ್ಕೆ ಒಂದು ದಿಣ್ಣೆ ಸಿಗುತ್ತದೆ. ಸುತ್ತಲೂ ಕರಿಕಲ್ಲು, ಕುರಿ ಮೇಯ್ದು ಬೋಳಾದ ನೆಲ. ದಿಣ್ಣೆಯ ನೆತ್ತಿಯಲ್ಲಿ ಮಾತ್ರ ಎದೆಯೆತ್ತರ ಬೆಳೆದ ಎಕ್ಕದ ಗಿಡಗಳ ಗುಂಪು. ಅವುಗಳ ಕೊಂಬೆಗಳಿಗೆ ಬಾಸಿಂಗ ಕಟ್ಟಿರುತ್ತಾರೆ. ಮದುಮಕ್ಕಳ ಹಣೆಗೆ ಕಟ್ಟುವ ಅದೇ ಬೆಂಡಿನ ಬಾಸಿಂಗ. ಕೆಲವು ಮೊನ್ನೆಯವು, ಕೆಲವು ಬಿಸಿಲಿಗೆ ಬಣ್ಣ ಹೋಗಿ ಬರಿ ಬೆಂಡಾಗಿ ಉಳಿದವು. ಗಿಡಗಳ ನಡುವೆ ವಾಲಿಕೊಂಡ ಕಲ್ಲುಚಪ್ಪಡಿಯ ಮೇಲೆ ಇಂಗ್ಲಿಷ್ ಅಕ್ಷರಗಳಿದ್ದವು. ಮಳೆಗಾಳಿಗೆ ಎಲ್ಲ ಸವೆದು ಈಗ ಹತ್ತೊಂಬತ್ತು ಎಂಬ ಅಂಕಿಯೊಂದೇ ಬೆರಳಿಗೆ ತಾಕುತ್ತದೆ. ಕೆಲವು ವರ್ಷಗಳ ಹಿಂದೆ ಯಾರೋ ಬಂದು 'ಇಂಗ್ಲಿಷ್ ಸೈನಿಕನ ಸಮಾಧಿ' ಎಂದು ತಗಡಿನ ಬೋರ್ಡು ನೆಟ್ಟು ಹೋದರು. ಬರೆಸಿದ ಮಹಾರಾಯ ಕಲ್ಲನ್ನು ಕೇಳಿದ, ಹಟ್ಟಿಯನ್ನು ಕೇಳಲಿಲ್ಲ. ಆ ಹೆಸರು ಹಿಡಿದು ದಾರಿ ಕೇಳಿ ನೋಡಿ, ಕುರಿ ಕಾಯುವವನು ತಲೆಯಾಡಿಸಿಬಿಡುತ್ತಾನೆ. ಬೋರಣ್ಣನ ದಿಣ್ಣೆ ಎಲ್ಲಪ್ಪಾ ಎಂದರೆ ಕೋಲು ಹೆಗಲಿಗಿಟ್ಟು ಜೊತೆಗೇ ಹೊರಡುತ್ತಾನೆ. ಹಾಗೆಂದು ಆ ಚಪ್ಪಡಿಯ ಕೆಳಗೆ ಬೋರಣ್ಣನ ಒಂದು ಎಲುಬೂ ಇಲ್ಲ. ಅಲ್ಲಿ ಮಲಗಿರುವವನು ಸೋಜರನೇ, ಕುಂಪಣಿ ಸರ್ಕಾರದ ಬಿಳಿಯ ಸಿಪಾಯಿಯೇ. ಇದು ಹಟ್ಟಿಯ ಕೂಸಿಗೂ ಗೊತ್ತು.

ಹಿಂದೆ ಒಮ್ಮೆ, ಕುಂಪಣಿಯವರ ಕಾಲದಲ್ಲಿ, ಕೋಳಿಗುಡ್ಡದ ಪಾಳೆಯಗಾರ ತಲೆಬಾಗಲಾರೆ ಎಂದು ಕೋಟೆಯ ಬಾಗಿಲು ಹಾಕಿಕೊಂಡನಂತೆ. ಹದಿನೇಳು ದಿನ ತೋಪುಗಳು ಗುಡುಗಿದವು. ಹದಿನೆಂಟನೆಯ ದಿನ ಗೋಡೆ ಬಿತ್ತು, ಪಾಳೆಯಗಾರ ಹಿಂದಿನ ಕಣಿವೆಯಲ್ಲಿ ತಪ್ಪಿಸಿಕೊಂಡ. ದೊಡ್ಡವರು ಯಾವತ್ತೂ ತಪ್ಪಿಸಿಕೊಳ್ಳುತ್ತಾರೆ, ಸಿಕ್ಕಿಬೀಳುವವರು ಬಾಗಿಲು ಕಾಯುವವರು. ಹಾಗೆ ಸಿಕ್ಕ ಐವರನ್ನು ಕುಂಪಣಿಯ ಕಪ್ತಾನ ತನ್ನ ಡೇರೆಗಳ ಎದುರಿನ ಹುಣಸೆಮರಕ್ಕೆ ನೇಣು ಹಾಕಿಸಿದ. ಸುತ್ತಿನ ಹಟ್ಟಿಗಳಿಗೆ ಬುದ್ಧಿ ಬರಲಿ, ಹೆಣ ಇಳಿಸಕೂಡದು ಎಂದು ಕಟ್ಟಪ್ಪಣೆಯಾಯಿತು. ಆ ಐವರಲ್ಲಿ ಒಬ್ಬ ಮುತ್ತುಗದಹಟ್ಟಿಯ ಬೋರಣ್ಣ, ವಿಧವೆ ತಿಪ್ಪಕ್ಕನ ಒಬ್ಬನೇ ಮಗ. ಅವನಿಗೆ ವಯಸ್ಸೆಷ್ಟು ಎಂದು ತಿಪ್ಪಕ್ಕ ಎಣಿಸಿದವಳಲ್ಲ. ಮೀಸೆ ಈಗಷ್ಟೇ ಕಪ್ಪಾಗಿತ್ತು, ಆಚೆ ಹಟ್ಟಿಯ ಹೆಣ್ಣು ಗೊತ್ತಾಗಿತ್ತು, ಬಾಸಿಂಗ ತಂದು ಮನೆಯ ತೊಲೆಗೆ ನೇತುಹಾಕಿ ಆಗಿತ್ತು.

ಆ ಹಟ್ಟಿಯವರಲ್ಲಿ ಒಂದು ಕಟ್ಟಳೆ ಉಂಟು. ಮದುವೆಯಾಗದೆ ಸತ್ತ ಗಂಡನ್ನು ಹಾಗೆಯೇ ಮಣ್ಣಿಗೆ ಇಡುವಂತಿಲ್ಲ. ಅರಿಸಿನ ಹಚ್ಚಿ, ಮೀಯಿಸಿ, ಬಾಸಿಂಗ ಕಟ್ಟಿ, ಎಕ್ಕದ ಗಿಡಕ್ಕೆ ಅವನ ಕೈಯಿಂದ ತಾಳಿ ಮುಟ್ಟಿಸಿ, ಮದುಮಗನನ್ನಾಗಿ ಮಾಡಿಯೇ ಹೂಳಬೇಕು. ಇಲ್ಲವಾದರೆ ಅವನ ಜೀವ ಹೆತ್ತವರ ಹೊಸಿಲಿಗೆ ಬಂದು ನಿಂತು ಅಳುತ್ತದೆ, ಒಳಗೆ ಬರಲಾರದು, ಬಿಟ್ಟು ಹೋಗಲಾರದು ಎನ್ನುತ್ತಾರೆ. ತಿಪ್ಪಕ್ಕ ಮೂರು ದಿನ ಕುಂಪಣಿಯ ಡೇರೆಗಳ ಮುಂದೆ ಹೋಗಿ ಕೂತಳು. "ಜೀವ ಕೇಳಾಕೆ ಬಂದಿಲ್ಲ ಸಾಮಿ, ಹೆಣ ಕೊಡ್ರಿ" ಎಂದು ಕಂಡಕಂಡವರ ಕಾಲು ಹಿಡಿದಳು. ಬಂದೂಕಿನ ಬುಡದಿಂದ ನೂಕಿಸಿಕೊಂಡು ಮೂರು ಸಲವೂ ಬರಿಗೈಯಲ್ಲಿ ಮನೆಗೆ ಬಂದಳು.

ನಾಲ್ಕನೆಯ ದಿನ ಆಡುಗಳು ಹಸಿವಿಗೆ ಅರಚುತ್ತಿದ್ದವು. ಮಗ ಸತ್ತನೆಂದು ಆಡಿನ ಹೊಟ್ಟೆ ಕೇಳುತ್ತದೆಯೇ? ಅವನ್ನು ಹೊಡೆದುಕೊಂಡು ಹಳ್ಳದ ಕಡೆ ಹೋದಳು. ಅಲ್ಲಿ ಬಂಡೆಯ ನೆರಳಿನಲ್ಲಿ ಒಬ್ಬ ಸೋಜರ ಬಿದ್ದಿದ್ದ. ಪಾಳೆಯಗಾರನ ಜನರ ಬೆನ್ನಟ್ಟಿ ಹೋದ ದಂಡಿನಿಂದ ಒಂಟಿಯಾಗಿ, ಹೊಟ್ಟೆಗೆ ಈಟಿಯ ತಿವಿತ ತಿಂದು, ತೆವಳಿಕೊಂಡು ಬಂದಿದ್ದ. ಜೋಳದ ತೆನೆಯ ಸೂಲಂಗಿಯಂಥ ಹೊಂಬಣ್ಣದ ಕೂದಲು, ಬಿಸಿಲಿಗೆ ಸಿಪ್ಪೆ ಎದ್ದ ಮೂಗು, ಗಡ್ಡವಿನ್ನೂ ಹುಟ್ಟದ ಗಲ್ಲ. ಇನ್ನೂ ಉಸಿರಿತ್ತು. ತಿಪ್ಪಕ್ಕನಿಗೆ ಮೊದಲು ಬಂದದ್ದು ಕರುಣೆಯಲ್ಲ, ಸುಳ್ಳೇಕೆ ಹೇಳಬೇಕು. ಸಾಯಲಿ, ಬಾಯಿ ಒಣಗಿಯೇ ಸಾಯಲಿ, ನನ್ನ ಕೂಸಿನ ಕೊರಳಿಗೆ ಹಗ್ಗ ಎಳೆದದ್ದು ಇದೇ ಕೈಯೋ ಏನೋ ಎಂದುಕೊಂಡು ದೂರದಲ್ಲೇ ಕುಕ್ಕರಿಸಿದಳು. ಅವನು ಖಾಲಿಯಾದ ನೀರಿನ ಬುರುಡೆಯೊಂದನ್ನು ಎತ್ತಿ ಎತ್ತಿ ಅವಳಿಗೆ ತೋರಿಸುತ್ತಿದ್ದ. ಮೂರನೆಯ ಸಲ ಕೈ ಅರ್ಧಕ್ಕೇ ಬಿತ್ತು. ಆಗ ಅವಳು ಎದ್ದಳು, "ಹಾಳಾದೋನೇ, ಯಾಕಾದ್ರೂ ಬಂದ್ಯೋ ಇಲ್ಲಿಗೆ" ಎಂದು ಬೈಯುತ್ತಲೇ ಸೆರಗನ್ನು ಹಳ್ಳದಲ್ಲಿ ಅದ್ದಿ ಅವನ ಬಾಯಿಗೆ ಹಿಂಡಿದಳು. ಅವನು ಆ ಸೆರಗಿನ ತುದಿಯನ್ನು ಹಿಡಿದುಕೊಂಡ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಪ್ರಾಣ ಹೋಯಿತು. ಹಿಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಸುದ್ದಿ ಕೇಳಿ ಓಡಿಬಂದ ಹಟ್ಟಿಯ ಯಜಮಾನ ಪಾಲಯ್ಯನ ಮುಖ ಅರಳಿತು. "ದೇವ್ರು ಕಣ್ಣು ಬಿಟ್ಟ ಕಣಮ್ಮ ತಿಪ್ಪಕ್ಕ. ಇವನ್ನ ಬಂಡಿಗೆ ಹಾಕ್ಕೊಂಡು ಹೋಗಾನ. ನಿಮ್ಮೋನ್ನ ತಗಳ್ರಿ, ನಮ್ಮೋನ್ನ ಕೊಡ್ರಿ ಅನ್ನಾನ. ಹೆಣಕ್ಕೆ ಹೆಣ." ತಿಪ್ಪಕ್ಕ ಸೆರಗು ಬಿಗಿದು ಎದ್ದಳು. ಬೋರ ಮನೆಗೆ ಬರುತ್ತಾನೆ, ಮದುಮಗನಾಗುತ್ತಾನೆ. ಪಾಲಯ್ಯ ಬಂಡಿ ಹೂಡಿಸಿದ. ಆದರೆ ಹೆಣದ ಕಾಲು ಹಿಡಿಯಲು ಬಗ್ಗಿದ ತಿಪ್ಪಕ್ಕ ಹಾಗೆಯೇ ನಿಂತುಬಿಟ್ಟಳು. "ಇವನೂ ಮದುವೆ ಆಗದೋನೇ ಅಲ್ವಾ ಯಜಮಾನ?" ಎಂದಳು.

ಪಾಲಯ್ಯನಿಗೆ ರೇಗಿತು. "ಅದೆಲ್ಲ ನಿಂಗ್ಯಾಕೆ? ಹೆಂಗವ್ನೋ ಹಂಗೇ ಒಯ್ದು ಕೊಟ್ಟುಬಿಡಾನ."

"ಇವನ್ನ ಹೆತ್ತೋಳು ಸಮುದ್ರದಾಚೆ ಎಲ್ಲೋ ಅವಳೆ. ಹಿಂಗೇ ಮಣ್ಣಿಗೆ ಹಾಕಿದ್ರೆ ಅವಳ ಬಾಗಿಲಾಗೆ ನಿಂತು ಅಳ್ತಾನೆ. ನನ್ನ ಮಗಂಗೆ ಏನು ಬೇಕು ಅಂತ ಬೇಡ್ತಾ ಇದೀನೋ ಅದನ್ನೇ ಅವಳ ಮಗಂಗೆ ಇಲ್ಲ ಅನ್ಲಾ? ಅವರೇನು ಕಲ್ಲಾ ಯಜಮಾನ? ಅವರ ಕೂಸನ್ನ ನಾವು ಇಷ್ಟು ಚೆನ್ನಾಗಿ ಮಾಡಿ ತಂದಿದೀವಿ ಅಂತ ಕಂಡ್ರೆ ನಮ್ಮ ಕೂಸನ್ನ ಇಲ್ಲ ಅಂತಾರಾ?"

ಪಾಲಯ್ಯ ಗೊಣಗುತ್ತಲೇ ಬಂಡಿಯನ್ನು ಹಟ್ಟಿಯ ಕಡೆ ತಿರುಗಿಸಿದ, ಹೆಣವನ್ನು ತಿಪ್ಪಕ್ಕನ ಅಂಗಳದಲ್ಲಿ ಇಳಿಸಿದರು. ಮುತ್ತೈದೆಯರು ಮೊದಲು ಹಿಂದೆ ಸರಿದರು, ಆಮೇಲೆ ಒಬ್ಬೊಬ್ಬರಾಗಿ ಬಂದು ಅವನ ಕೈಕಾಲಿಗೆ ಅರಿಸಿನ ಹಚ್ಚಿದರು. ಹರಿದ ಕೆಂಪು ಅಂಗಿ ಕಳಚಿ, ಮೀಯಿಸಿ, ಬಿಳಿ ಪಂಚೆ ಉಡಿಸಿದರು. ಬಾಸಿಂಗ ಬೇಕೆಂದಾಗ ಎಲ್ಲರೂ ತಿಪ್ಪಕ್ಕನ ಮುಖ ನೋಡಿದರು. ಅವಳು ಒಳಗೆ ಹೋಗಿ ತೊಲೆಯಿಂದ ಬೋರನ ಬಾಸಿಂಗ ಬಿಚ್ಚಿ ತಂದಳು. "ಬೋರಂಗೆ ಬೇರೆ ತರಿಸ್ತೀನಿ" ಎಂದಳು. ಹಣೆತುಂಬ ಕುಂಕುಮವಿಟ್ಟು, ಎಕ್ಕದ ಕೊಂಬೆಗೆ ಅರಿಸಿನದ ಕೊಂಬಿನ ತಾಳಿ ಮುಟ್ಟಿಸಿ, ಆ ಕೊಂಬೆಯನ್ನು ಅವನ ಪಕ್ಕದಲ್ಲಿ ಮಲಗಿಸಿದರು. ಮದುಮಗನಿಗೆ ದೃಷ್ಟಿ ತಾಗದಿರಲೆಂದು ತುದಿಗೆ ನಿಂಬೆಹಣ್ಣು ಚುಚ್ಚಿದ ಚೂರಿಯನ್ನು ಕೈಗೆ ಕೊಡುವುದು ನಮ್ಮ ಕಡೆಯ ರೂಢಿ. ಅದನ್ನೂ ಮರೆಯಲಿಲ್ಲ.

ಬಂಡಿ ಡೇರೆಗಳ ಮುಂದೆ ನಿಂತಾಗ ಕಪ್ತಾನ ಕಂಡದ್ದೇನು? ತನ್ನ ದಂಡಿನ ಎಳೆಯ ಹುಡುಗ, ಬೇರೆ ಬಟ್ಟೆಯಲ್ಲಿ. ಮೈಗೆಲ್ಲ ಹಳದಿ, ಹಣೆಗೆಲ್ಲ ಕೆಂಪು, ತಲೆಗೆ ಏನೋ ಕಟ್ಟು, ಹೊಟ್ಟೆಯಲ್ಲಿ ಗಾಯ, ಕೈಯಲ್ಲಿ ಚೂರಿ, ಚೂರಿಯ ತುದಿಗೆ ಹಣ್ಣು. ಬಲಿ ಕೊಟ್ಟಿದ್ದಾರೆ, ಕೊಟ್ಟು ತೋರಿಸಲು ತಂದಿದ್ದಾರೆ ಎಂದುಕೊಂಡ. ಅಯ್ಯೋ, ಮೊದಲೇ ಉರಿಯುತ್ತಿದ್ದವನು! ಅವನ ದುಭಾಷಿ ಮದರಾಸಿನ ಕಡೆಯವ, ಕನ್ನಡ ಬಲ್ಲವ. ತಿಪ್ಪಕ್ಕ ಕೈಮುಗಿದು ಹೇಳಿದ್ದನ್ನೆಲ್ಲ ಕೇಳಿಕೊಂಡು, "ಇದು ಮದುವೆಯಂತೆ ದೊರೆ" ಎಂದು ತಿಳಿಸಿದ. "ಹೆಣಕ್ಕೆ ಮದುವೆಯೋ?" ಎಂದ ಕಪ್ತಾನ. ಹಾಸ್ಯ ಮಾಡುತ್ತಿದ್ದಾರೆಂದು ಅವನ ಸಿಟ್ಟು ಇಮ್ಮಡಿಯಾಯಿತು. ದುಭಾಷಿ ಮತ್ತೆ ಬಾಯಿ ತೆರೆದಾಗ ಕೆನ್ನೆಗೆ ಏಟು ಬಿತ್ತು. ಪಾಲಯ್ಯನನ್ನು ತೋಪಿನ ಗಾಲಿಗೆ ಕಟ್ಟಿ ಚರ್ಮ ಕಿತ್ತುಬರುವಂತೆ ಹೊಡೆಸಿದರು. ಬಾಸಿಂಗವನ್ನು ಕಿತ್ತು ಎಸೆದರು. ಈ ಹೆಂಗಸಿಗೆ ಹೆಣ ಬೇಕಂತಲ್ಲ, ನೋಡಲಿ ಎಂದು ಮರದಿಂದ ಐವರನ್ನೂ ಇಳಿಸಿ, ಒಂದೇ ರಾಶಿ ಹಾಕಿ, ಅವಳ ಕಣ್ಣೆದುರಿಗೇ ಬೆಂಕಿಯಿಟ್ಟರು. ಹಟ್ಟಿಯವರು ಸತ್ತವರನ್ನು ಸುಡದೆ ಹೂಳುವ ಜನ. ಬೂದಿಯಲ್ಲಿ ಯಾವುದು ಬೋರ, ಯಾವುದು ಸೌದೆ ಎಂದು ತಿಳಿಯದಂತೆ ಕುದುರೆ ಓಡಿಸಿದರು. ಆಷಾಢದ ಗಾಳಿ ಮಿಕ್ಕಿದ್ದನ್ನು ಒಯ್ದಿತು.

ಮರುದಿನ ಸೋಜರರು ತಮ್ಮ ಹುಡುಗನನ್ನು ಈ ದಿಣ್ಣೆಯ ಮೇಲೆ ಹೂಳಿದರು. ಬಂದೂಕು ಹಾರಿಸಿದರು, ಪ್ರಾರ್ಥನೆ ಓದಿದರು, ಅವನ ಜೊತೆಗಾರರು ಅತ್ತರು. ಕಲ್ಲಿನಲ್ಲಿ ಹೆಸರು, ವಯಸ್ಸು ಕೆತ್ತಿಸಿದರು. ಮೂರು ದಿನದ ಮೇಲೆ ದಂಡು ಡೇರೆ ಕಿತ್ತಿತು. ಹೊರಡುವ ಮುನ್ನ ದುಭಾಷಿ ದಿಣ್ಣೆಯ ಹತ್ತಿರ ತಿಪ್ಪಕ್ಕನನ್ನು ಕಂಡ. ಅವಳು ಬಂಡಿಯಲ್ಲಿ ಒಯ್ದಿದ್ದ ಎಕ್ಕದ ಕೊಂಬೆಯನ್ನು ಹುಡುಗನ ತಲೆಯ ಕಡೆ ನೆಟ್ಟು, ಕೊಡದಿಂದ ನೀರೆರೆಯುತ್ತಿದ್ದಳು. ಹರಿದ ಬಾಸಿಂಗವನ್ನು ಹುಡುಕಿ ತಂದು ಅದಕ್ಕೇ ಕಟ್ಟಿದ್ದಳು.

"ಅಮ್ಮಾ, ಈ ಹುಡುಗನ ಹೆಸರು ಹೇಳಲೇ?" ಎಂದು ಅವನು ಕೇಳಿದ.

"ಬ್ಯಾಡ" ಎಂದಳು ತಿಪ್ಪಕ್ಕ, ತಲೆಯೆತ್ತದೆ. "ಇವಂಗೆ ಮಣ್ಣು ಸಿಕ್ತು, ಕಲ್ಲು ಸಿಕ್ತು, ಬಾಸಿಂಗ ಸಿಕ್ತು. ನನ್ನ ಮಗಂಗೆ ಹೆಸರೊಂದೇ ಉಳಿದಿರೋದು. ಅದನ್ನ ಇಡಾಕೆ ಒಂದು ಹಿಡಿ ಜಾಗ ಬಿಡ್ಲಿಲ್ಲ ನೀವು. ಇಲ್ಲೇ ಇಡ್ತೀನಿ. ಇವನೇನೂ ಬ್ಯಾಡ ಅನ್ನಾಕಿಲ್ಲ."

ದುಭಾಷಿ ನಿಂತಲ್ಲೇ ಕಣ್ಣೊರೆಸಿಕೊಂಡು ಹೋದ ಎನ್ನುತ್ತಾರೆ. ತಿಪ್ಪಕ್ಕ ಬದುಕಿದಷ್ಟು ದಿನವೂ ಅಮಾವಾಸ್ಯೆಗೆ ಅಲ್ಲಿ ಎಡೆಯಿಟ್ಟು, "ಬೋರಾ, ಉಣ್ಣಪ್ಪಾ" ಎಂದು ಕೂಗುತ್ತಿದ್ದಳು. ಎಕ್ಕದ ಗಿಡವನ್ನು ಸೊಸೆ ಎನ್ನುತ್ತಿದ್ದಳು. ಬೆನ್ನಿನ ಗಾಯ ವಾಸಿಯಾದ ಮೇಲೆ ಪಾಲಯ್ಯನೂ ಬಂದು ನೀರು ಹೊತ್ತ. ಅವಳು ಮಾಡಿದ್ದು ಸೇಡು ಎನ್ನುವವರಿದ್ದಾರೆ, ಶತ್ರುವಿನ ಗೋರಿಯಿಂದ ಅವನ ಹೆಸರನ್ನೇ ಅಳಿಸಿದಳಂತೆ. ಮಮತೆ ಎನ್ನುವವರೂ ಇದ್ದಾರೆ. ಅವಳು ತೊಲೆಯಿಂದ ಬಾಸಿಂಗ ಬಿಚ್ಚಿ ಕೊಟ್ಟದ್ದನ್ನು ಕಣ್ಣಾರೆ ಕಂಡವರು ಮಾತ್ರ ಈ ವಾದ ಎದ್ದಾಗ ಕೊಡ ಹೊತ್ತು ಎಕ್ಕಕ್ಕೆ ನೀರೆರೆಯಲು ಹೋಗುತ್ತಿದ್ದರಂತೆ.

ಈಗಲೂ ಮದುವೆಯಾಗದ ಮಗನನ್ನು ಕಳೆದುಕೊಂಡವರು, ಅದರಲ್ಲೂ ನೀರಿನಲ್ಲೋ ಪರವೂರಿನಲ್ಲೋ ಹೆಣವೇ ಸಿಗದೆ ಹೋದವರು, ಬೋರಣ್ಣನ ದಿಣ್ಣೆಗೆ ಬಂದು ಎಕ್ಕಕ್ಕೆ ಬಾಸಿಂಗ ಕಟ್ಟುತ್ತಾರೆ. ಬರುವಾಗ ಎರಡು ತರುತ್ತಾರೆ, ಮೊದಲನೆಯದು ಅಲ್ಲಿರುವವನಿಗೆ. ಮುತ್ತುಗದಹಟ್ಟಿಯ ಮದುವೆಗೆ ಹೋದವರು ಇನ್ನೊಂದನ್ನೂ ಕಾಣುತ್ತಾರೆ. ಅಲ್ಲಿ ಮದುಮಗನ ಕೈಯಲ್ಲಿ ಚೂರಿ ಇರುವುದಿಲ್ಲ, ನಿಂಬೆಹಣ್ಣನ್ನು ಬರಿಯ ಅಂಗೈಯಲ್ಲಿ ಹಿಡಿದು ಹಸೆಗೆ ಬರುತ್ತಾನೆ. ಕಲ್ಲಿನ ಮೇಲೆ ಉಳಿದಿರುವ ಆ ಹತ್ತೊಂಬತ್ತನ್ನು ತೋರಿಸಿ ಇದೇನು ಎಂದು ಹಟ್ಟಿಯ ಯಾರನ್ನಾದರೂ ಕೇಳಿ. ಬೋರಣ್ಣನ ವಯಸ್ಸು ಎನ್ನುತ್ತಾರೆ.