ಉತ್ತರಕ್ಕೆ ಬಿಟ್ಟ ಸಮಯ

"ಗುರುಗಳೇ, ನನ್ನ ತಮ್ಮ ಹೆಂಡತಿಯನ್ನು ತವರಿಗೆ ಕಳಿಸಿ ಕೂತಿದ್ದಾನೆ. ಹೋಗಿ ಕರೆದುಕೊಂಡು ಬಾ ಎಂದು ದಿನವೂ ಹೇಳುತ್ತೇನೆ. ಕೇಳುವುದೇ ಇಲ್ಲ. ಇನ್ನೆಷ್ಟು ಸಲ ಹೇಳಲಿ?" ಎಂದ ಶಿಷ್ಯ ಚೆನ್ನವೀರ.

ಗುರುಗಳು ಈ ಕತೆ ಹೇಳಿದರು.

ಒಂದು ಅಣೆಕಟ್ಟಿನಲ್ಲಿ ಒಬ್ಬ ಎಂಜಿನಿಯರ್ ಇದ್ದಳು. ನೀರು ಬಿಡಲು ಕಟ್ಟೆಯ ಬಾಗಿಲು ಎತ್ತುವ ಮೊದಲು ಕೆಳಗಿನ ಊರಿಗೆ ಎಚ್ಚರಿಕೆ ಕಳಿಸುವುದು ಅವಳ ಕೆಲಸ. ಅವಳ ಮುಂದಿದ್ದ ರೇಡಿಯೊ ಯಂತ್ರ ಎಚ್ಚರಿಕೆಯನ್ನು ಪ್ಯಾಕೆಟ್ ಎಂಬ ಸಣ್ಣ ತುಣುಕುಗಳಾಗಿ ಮಾಡಿ ಊರಿನ ಯಂತ್ರಕ್ಕೆ ಮುಟ್ಟಿಸುತ್ತಿತ್ತು. ಆಗ ಅಲ್ಲಿ ಸೈರನ್ ಕೂಗಬೇಕು. ನದಿಗೆ ಇಳಿದವರು ದಡ ಸೇರಬೇಕು.

ಮಳೆಗಾಲದ ಒಂದು ಬೆಳಿಗ್ಗೆ ನೀರು ಒಂದೇ ಸಮನೆ ಏರಿತು. ಅವಳು ಎಚ್ಚರಿಕೆ ಕಳಿಸಿದಳು. ಸೈರನ್ ಕೂಗಿದ ಸುದ್ದಿ ಬರಲಿಲ್ಲ. ಫೋನೂ ಕೆಟ್ಟಿತ್ತು. ಒಮ್ಮೆ ಕಳಿಸಿದ ಮೇಲೆ ಮತ್ತೆ ಕಳಿಸುವ ತನಕ ಯಂತ್ರ ಎಷ್ಟು ಕಾಯಬೇಕೆಂಬುದನ್ನು ಅವಳೇ ಗೊತ್ತುಮಾಡಬಹುದಿತ್ತು. ಆ ಹೊತ್ತನ್ನು ಅರ್ಧಕ್ಕೆ ಇಳಿಸಿದಳು. ಆಮೇಲೆ ಇನ್ನೂ ಇಳಿಸಿದಳು. ಎಡೆಬಿಡದೆ ಕಳಿಸಿದರೆ ಒಂದಾದರೂ ಮುಟ್ಟೀತು ಎಂದುಕೊಂಡಳು. ಪರದೆ ಖಾಲಿಯೇ ಇತ್ತು.

ಬಾಗಿಲು ಎತ್ತುವವನು ಬಂದು ನಿಂತ. "ಮೇಡಂ, ನೀರು ಅಪಾಯದ ಗುರುತು ಮುಟ್ಟುತ್ತಾ ಬಂತು. ಎತ್ತಿಬಿಡಲೇ?"

"ಕೆಳಗೆ ಹರಿಗೋಲು ಓಡಾಡುವ ಹೊತ್ತು. ಸೈರನ್ ಕೂಗದೆ ಒಂದು ಹನಿಯನ್ನೂ ಬಿಡಬೇಡ."

"ಅಲ್ಲಿಯ ಯಂತ್ರ ಕಿವುಡಾಗಿದೆ ಮೇಡಂ."

"ಆಗಿದೆಯೋ ಇಲ್ಲವೋ ತಿಳಿದೇ ಏಳುತ್ತೇನೆ."

ಅದು ತಿಳಿಯಬೇಕಾದರೆ ತನ್ನ ಯಂತ್ರ ಕಳಿಸುವುದನ್ನು ಬಿಟ್ಟು ಕಿವಿಗೊಡಬೇಕು. ಕಳಿಸುವುದನ್ನು ನಿಲ್ಲಿಸಿದರೆ ನದಿಯಲ್ಲಿದ್ದವರ ಕೈಬಿಟ್ಟಂತೆ ಅನ್ನಿಸಿತು. ಆದರೂ ನಿಲ್ಲಿಸಿದಳು. ಪರದೆಯಿಂದ ಕಣ್ಣು ತೆಗೆಯದೆ ಕಾದಳು.

ಒಂದು ಸಾಲು ಮೂಡಿತು. 'ಎಚ್ಚರಿಕೆ ಬಂದಿದೆ. ಸೈರನ್ ಕೂಗಿಸಲೇ?'

ಸುಳ್ಳು ಸೈರನ್ ಕೂಗಬಾರದೆಂದು ಊರಿನ ಯಂತ್ರ ಹೀಗೆ ಮರಳಿ ಕೇಳುವುದು ರೂಢಿ. ಅಂದೂ ಮೊದಲ ಎಚ್ಚರಿಕೆಯಿಂದಲೇ ಕೇಳುತ್ತಲೇ ಇತ್ತು. ಆ ಮಳೆಯಲ್ಲಿ ಅದರ ಮಾತು ತಡವಾಗಿ ಬರುತ್ತಿತ್ತು. ಬರುವಷ್ಟರಲ್ಲಿ ಇವಳ ಮುಂದಿನ ಪ್ಯಾಕೆಟ್ ಹೊರಟುಬಿಡುತ್ತಿತ್ತು. ತಾನು ಕಳಿಸುತ್ತಿರುವಾಗ ಬಂದದ್ದು ಇವಳ ಯಂತ್ರಕ್ಕೆ ಕೇಳುತ್ತಿರಲಿಲ್ಲ.

ಅವಳು ಕಾಯುವ ಹೊತ್ತನ್ನು ಹಿಗ್ಗಿಸಿದಳು. 'ಕೂಗಿಸು' ಎಂದು ಕಳಿಸಿದಳು. ಮತ್ತೊಮ್ಮೆ ಒತ್ತಲು ಬೆರಳು ಹಾತೊರೆಯಿತು. ನೀರು ಗುರುತು ದಾಟಿತ್ತು. ಬಾಗಿಲಿನವನು ಏನೋ ಕೂಗುತ್ತಿದ್ದ. ಅವಳು ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಹಿಡಿದು ಕೂತಳು.

ಸೈರನ್ ಕೂಗಿದ ಸುದ್ದಿ ಬಂತು. ನದಿಯಲ್ಲಿ ಯಾರೂ ಉಳಿದಿಲ್ಲವೆಂಬ ಸುದ್ದಿಯೂ ಬರುವ ತನಕ ಕಾದು, ಆಮೇಲೆ ಬಾಗಿಲು ಎತ್ತಿಸಿದಳು. ನೀರು ಭೋರೆಂದು ಕೆಳಗೆ ಹೋಯಿತು. ಯಾರನ್ನೂ ಒಯ್ಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ನಾನು ಇನ್ನು ಹೇಳುವುದನ್ನೇ ಬಿಡಲೇ?" ಎಂದ ಚೆನ್ನವೀರ.

"ನಿನ್ನ ತಮ್ಮ ನಿನ್ನನ್ನು ಏನು ಕೇಳುತ್ತಿದ್ದಾನೆ?" ಎಂದರು ಗುರುಗಳು.

ಚೆನ್ನವೀರನಿಗೆ ಅದು ಗೊತ್ತಿರಲಿಲ್ಲ.