ಹವ್ವಳ ಕೈಯ ಹಣ್ಣು

"ಗುರುಗಳೇ, ಹವ್ವ ತಿಂದದ್ದು ಸೇಬು ಎಂದು ಎಲ್ಲರೂ ಹೇಳುತ್ತಾರೆ. ಬೈಬಲಿನ ಆದಿಕಾಂಡದಲ್ಲಿ ನೋಡಿದರೆ ಬರೀ ಹಣ್ಣು ಎಂದಿದೆ. ಈ ಸೇಬು ಎಲ್ಲಿಂದ ಬಂತು?" ಎಂದು ಶಿಷ್ಯ ಇನ್ನಾಸಪ್ಪ ಕೇಳಿದ.

"ಸೇಬನ್ನು ಯಾರು ತಂದಿಟ್ಟರೋ ನಾನು ಕಂಡಿಲ್ಲ. ಅಂಥದೇ ಇನ್ನೊಂದು ಹಣ್ಣಿನ ಕತೆ ಬಲ್ಲೆ," ಎಂದು ಪಾದ್ರಿಯಾಗುವವರು ಓದುವ ಗುರುಮಠದ ಹಿರಿಯ ಸ್ವಾಮಿಗಳು ಕನ್ನಡಕ ತೆಗೆದಿಟ್ಟು ಹೇಳತೊಡಗಿದರು.

ಒಬ್ಬ ಚಿತ್ರಗಾರನಿದ್ದ. ತಾಯಿ ತೀರಿಕೊಂಡ ಮೇಲೆ ಮನೆ ಮಾರಿ, ಹೊಟ್ಟೆಪಾಡಿಗೆ ಊರು ಬಿಡಲು ಹೊರಟಿದ್ದ. ಚರ್ಚಿನ ಗೋಡೆಯ ಮೇಲೆ ಏದೆನ್ ತೋಟವನ್ನು ಬರೆದುಕೊಟ್ಟು ಹೋಗು ಎಂದು ಊರವರು ಅವನನ್ನು ತಡೆದರು. ಮರ, ಹಾವು, ಆದಾಮ ಎಲ್ಲ ಸಲೀಸಾಗಿ ಮೂಡಿದವು. ಹವ್ವಳ ಕೈಗೆ ಬಂದಾಗ ಕುಂಚ ನಿಂತಿತು. ಯಾವ ಹಣ್ಣು ಎಂದು ಪುಸ್ತಕ ಹೇಳಿರಲಿಲ್ಲ. ಬಿಟ್ಟುಹೋಗಲು ಸಂಕಟವಾಗುವಂಥ ತೋಟ ಅವನಿಗೆ ಗೊತ್ತಿದ್ದದ್ದು ಒಂದೇ, ತಾಯಿಯ ಹಿತ್ತಿಲು. ಅಲ್ಲಿ ಅವಳು ನೆಟ್ಟ ಪನ್ನೇರಳೆ ಮರವಿತ್ತು. ಪನ್ನೀರಿನ ಘಮದ ಆ ಹಣ್ಣನ್ನು ಅವಳು ಸೆರಗಿನಲ್ಲಿ ಒರೆಸಿ ಅವನ ಕೈಗಿಡುತ್ತಿದ್ದಳು. ಅದನ್ನೇ ಬರೆದು ಹೊರಟುಹೋದ.

ಊರಿನಲ್ಲಿ ಓದು ಬಲ್ಲವರು ಕಡಿಮೆ. ಧರ್ಮಪಾಠ ಹೇಳುವ ಉಪದೇಶಿ ಪ್ರತಿ ಭಾನುವಾರ ಮಕ್ಕಳನ್ನು ಆ ಗೋಡೆಯ ಮುಂದೆ ಕೂರಿಸಿ, ಬೆತ್ತದ ತುದಿಯಿಂದ ಹಣ್ಣನ್ನು ತಟ್ಟಿ, ಲೋಕವನ್ನು ಹಾಳುಮಾಡಿದ್ದು ಇದೇ ಎನ್ನುತ್ತಿದ್ದ. ಬೆತ್ತ ಹಿಡಿದು ಹೇಳಿದ್ದು ತಲೆಯಿಂದ ಸುಲಭಕ್ಕೆ ಇಳಿಯುತ್ತದೆಯೇ? ಆ ಮಕ್ಕಳು ದೊಡ್ಡವರಾದರು, ಮನೆ ಯಜಮಾನರಾದರು.

ಚಿತ್ರಗಾರನಿಗೂ ವಯಸ್ಸಾಯಿತು. ಹೋದ ಹೋದ ಊರಿನ ಹಣ್ಣು ತಿಂದಿದ್ದ, ಯಾವುದೂ ನಾಲಿಗೆಗೆ ಹಿಡಿಸಿರಲಿಲ್ಲ. ಸಾಯುವ ಮೊದಲು ಒಂದೇ ಒಂದು ಪನ್ನೇರಳೆ ತಿನ್ನಬೇಕೆಂದು ಜೀವ ಹಂಬಲಿಸಿತು. ಊರಿಗೆ ಬಂದು ಹಳೆಯ ಹಿತ್ತಿಲಿಗೆ ನಡೆದ. ಅಲ್ಲಿ ಮರವಿರಲಿಲ್ಲ.

"ಕಡಿಸಿಬಿಟ್ವಿ ತಾತ," ಎಂದಳು ಈಗಿನ ಮನೆಯಾಕೆ. "ಊರಲ್ಲಿ ಯಾರೂ ಇಟ್ಕೊಂಡಿಲ್ಲ. ಹವ್ವನ್ನ ಕೆಡಿಸಿದ ಹಣ್ಣು, ಮಕ್ಕಳಿರೋ ಮನೇಲಿ ಹೆಂಗೆ ಇಟ್ಕೊಳ್ಳೋದು?"

"ಅದು ಈ ಹಣ್ಣೇ ಅಂತ ಯಾರಮ್ಮ ಹೇಳಿದ್ದು?"

"ಹೇಳೋದೇನು ಬಂತು? ಚರ್ಚಿನ ಗೋಡೆ ಮೇಲೇ ಐತಲ್ಲ."

ತಾಯಿಯ ಮರಕ್ಕೆ ತಾನೇ ಕೊಡಲಿ ಹಾಕಿಸಿದಂತಾಯಿತಲ್ಲ ಎಂದು ಅಲ್ಲೇ ಕುಳಿತು ಅತ್ತ. ಆಮೇಲೆ ಎದ್ದು, ಸುಣ್ಣದ ಬಕೆಟ್ಟು ಹಿಡಿದು, ಆ ಹಣ್ಣನ್ನು ಅಳಿಸಿಯೇ ತೀರುತ್ತೇನೆ ಎಂದು ಚರ್ಚಿಗೆ ಹೋದ. ಕುಂಚವನ್ನು ಸುಣ್ಣದಲ್ಲಿ ಅದ್ದಿ ಗೋಡೆಯ ಮುಂದೆ ನಿಂತ.

ಸ್ವಾಮಿಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿ ಕನ್ನಡಕ ಹಾಕಿಕೊಂಡರು.

"ಅಳಿಸಿದನೇ ಗುರುಗಳೇ?" ಎಂದ ಇನ್ನಾಸಪ್ಪ.

"ಹೇಗೆ ಅಳಿಸುತ್ತಾನೆ ಮಗೂ? ಊರಿನಲ್ಲಿ ಉಳಿದಿದ್ದ ಪನ್ನೇರಳೆ ಅದೊಂದೇ."