ತೂಕ ಕಡಿಮೆ ಬಿದ್ದ ರೂಪಾಯಿ

ಬೆಳ್ಳಿ ರೂಪಾಯಿ ಓಡಾಡುತ್ತಿದ್ದ ಕಾಲ. ಟಂಕಸಾಲೆಯಲ್ಲಿ ನಾಣ್ಯ ಪರೀಕ್ಷಿಸುತ್ತಲೇ ಮುದುಕರಾದ ಸಂಗಯ್ಯನವರು, ಕೆಲಸ ಬಿಟ್ಟ ಮೇಲೆ ಹೊಳೆದಂಡೆಯ ಹಳೇ ಮಠ ಸೇರಿದ್ದರು.

ಅವರಿಗೆ ಒಬ್ಬನೇ ಶಿಷ್ಯ, ಕೊಟ್ರಪ್ಪ. ನಡುವಯಸ್ಸಿನವನು. ಹೆಂಡತಿ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿ ನಾಣ್ಯ ಪರೀಕ್ಷೆ ಕಲಿಯಲು ಬಂದಿದ್ದ. ಜನರ ಮಾತು ಅವನಿಗೆ ಸಾಕಾಗಿತ್ತು. ನಾಣ್ಯಗಳು ಏನನ್ನೂ ಕೇಳುವುದಿಲ್ಲ. ಅದು ಅವನಿಗೆ ಹಿತವಾಗಿತ್ತು.

ಒಂದು ಮಧ್ಯಾಹ್ನ ಗುರುಗಳು ಸ್ನಾನಕ್ಕೆ ಹೋಗಿದ್ದಾಗ, ದೋಣಿ ಇಳಿದು ಒಬ್ಬ ಮುದುಕಿ ಮಠಕ್ಕೆ ಬಂದಳು. ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ಮುಂದಿಟ್ಟಳು.

“ಇದರಾಗ ಏನು ಐಬು ಐತಿ, ನೋಡಿ ಹೇಳ್ರೆಪ್ಪಾ.”

ಕೊಟ್ರಪ್ಪ ಅದನ್ನು ತಕ್ಕಡಿಗೆ ಹಾಕಿದ. ಇನ್ನೊಂದು ತಟ್ಟೆಯಲ್ಲಿ ಒಳ್ಳೆಯ ರೂಪಾಯಿ ಇಟ್ಟ. ಮುದುಕಿಯ ರೂಪಾಯಿ ಮೇಲೆದ್ದಿತು.

“ತೂಕ ಕಡಿಮೆ ಐತಿ.”

“ಅದು ಗೊತ್ತೈತಿ. ಯಾಕ ಕಡಿಮೆ?”

“ಯಾರೋ ಬೆಳ್ಳಿ ಕೆರಕೊಂಡಾರ.”

ಮುದುಕಿ ರೂಪಾಯಿ ಅಲ್ಲೇ ಬಿಟ್ಟು ಎದ್ದು ಹೋದಳು.

ಗುರುಗಳು ಬಂದರು. ತಟ್ಟೆಯಲ್ಲಿದ್ದುದನ್ನು ನೋಡಿದರು.

“ಯಾರದು?”

“ಯಾರೋ ಮುದುಕಿ. ಬಿಟ್ಟು ಹೋದಳು. ಕೆರೆದ ರೂಪಾಯಿ ಅಂದೆ.”

“ಹೆಂಗ ಗೊತ್ತಾತು?”

“ತಕ್ಕಡಿ ಹೇಳ್ತು.”

“ತಕ್ಕಡಿ ಎಷ್ಟು ಕಡಿಮೆ ಅಂತ ಹೇಳತೈತಿ. ಯಾಕ ಕಡಿಮೆ ಅಂತ ಹೇಳೂದಿಲ್ಲ.” ಅವರು ರೂಪಾಯಿಯನ್ನು ಅವನ ಕೈಗೆ ಕೊಟ್ಟರು. “ಅಂಚು ಮುಟ್ಟಿ ನೋಡು.”

ಕೊಟ್ರಪ್ಪ ಉಗುರಾಡಿಸಿದ. ಟಂಕಸಾಲೆಯಲ್ಲಿ ಅಂಚಿಗೆ ಒತ್ತಿದ ಗೀರುಗಳು ಸುತ್ತಲೂ ಒಂದೂ ಬಿಡದೆ ಇದ್ದವು.

“ಕೆರೆಯೋರು ಅಂಚು ಬಿಡತಾರೇನು? ಈಗ ಅಕ್ಷರ ನೋಡು.”

“ಅರ್ಧಂಬರ್ಧ ಎದ್ದಾವು.”

“ಎದ್ದಷ್ಟು ಚೂಪಾಗೇ ಅದಾವು. ಸವೆದಿದ್ರ ದುಂಡಗಾಗತಿದ್ವು. ಅಚ್ಚೊತ್ತೂ ತಗಡೇ ತೆಳ್ಳಗಿತ್ತಪ್ಪ. ಅಚ್ಚು ತುಂಬೂವಷ್ಟು ಬೆಳ್ಳಿ ಇರಲಿಲ್ಲ. ಇದು ಹುಟ್ಟುತ್ತಲೇ ಹಗುರ.”

“ಟಂಕಸಾಲ್ಯಾಗೂ ತಪ್ಪಾಗತೈತೇನ್ರಿ?”

“ಆಗತೈತಿ. ಇಂಥವನ್ನ ಆರಿಸಿ ಮತ್ತ ಕರಗಸಾಕ ಮೂಸೆಗೆ ಹಾಕತಿದ್ವಿ. ಎಲ್ಲೋ ಒಂದು ಕಣ್ಣು ತಪ್ಪಿಸಿ ಹೊರಗ ಹೋಗತಿತ್ತು. ಕೆರೆದದ್ದಾದ್ರ ಉಳಿದ ಬೆಳ್ಳಿಯಷ್ಟೇ ಬೆಲೆ. ಇಂಥದ್ದು ಅಪರೂಪ, ನಾಣ್ಯ ಕೂಡಿಡೂ ಹುಚ್ಚಿನ ಪ್ಯಾಟಿ ಸಾಹುಕಾರರು ಐವತ್ತು ರೂಪಾಯಿ ಕೊಟ್ಟಾರು. ಓಡು, ಅಕಿಗೆ ತಿಳಿಸು.”

ಕೊಟ್ರಪ್ಪ ಓಡಿದ.

ದೋಣಿ ಇನ್ನೂ ಹೊರಟಿರಲಿಲ್ಲ. ಮುದುಕಿ ದಂಡೆಯ ಬಂಡೆಯ ಮೇಲೆ ಕೂತಿದ್ದಳು. ಏದುಸಿರು ಬಿಡುತ್ತಲೇ ಅವನು ಎಲ್ಲ ಹೇಳಿದ. ಅಂಚು ತೋರಿಸಿದ, ಅಕ್ಷರ ತೋರಿಸಿದ.

“ಹಂಗಾದ್ರ ನನ್ನ ಗಂಡ ಕೆರೆದಿರಲಿಲ್ಲ?”

“ನಿಮ್ಮ ಗಂಡ ಯಾರು ತಾಯಿ?”

“ಮೌನೇಶ ಅಂತ. ಅಕ್ಕಸಾಲಿ.”

ಅವಳ ಹೆಸರು ಕಾಳಮ್ಮ. ಈ ರೂಪಾಯಿಯನ್ನು ಗಂಡ ಕಿರಾಣಿ ಅಂಗಡಿಯಲ್ಲಿ ಕೊಟ್ಟಿದ್ದ. ಅಂಗಡಿಯವನು ತೂಗಿ ನೋಡಿ ಎಸೆದಿದ್ದ. ಕೊಟ್ಟವನು ಅಕ್ಕಸಾಲಿ, ರೂಪಾಯಿ ಹಗುರ. ಊರಿಗೆ ಅಷ್ಟು ಸಾಕಾಯಿತು. ಆಮೇಲೆ ಯಾರೂ ಅವನ ಕೈಗೆ ಗುಂಜಿ ಬಂಗಾರವನ್ನೂ ಕೊಡಲಿಲ್ಲ.

“ಊರು ಅಂದದ್ದು ತಡಕೊಂಡಿದ್ದ,” ಎಂದಳು ಕಾಳಮ್ಮ. “ಒಂದಿನ ನಾನೂ ಕೇಳಿದೆ, ಖರೇ ಹೇಳು ಅಂತ. ಅಂಗಿ ಹಾಕ್ಕೊಂಡು ಹೊರಗ ಹೋದ. ತಿರುಗಿ ಬರಲಿಲ್ಲ.”

ಕೊಟ್ರಪ್ಪ ತನಗೆ ಗೊತ್ತಿದ್ದದ್ದನ್ನು ಹೇಳಿದ.

“ಪ್ಯಾಟ್ಯಾಗ ಇದಕ್ಕ ಐವತ್ತು ರೂಪಾಯಿ ಬರತೈತಿ.”

ಅವಳಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

“ಅಂದೋರು ಸತ್ತು ಹೋದರು. ಅವರ ಮಕ್ಕಳು ಇವತ್ತಿಗೂ ಕಳ್ಳನ ಮನಿ ಅಂತಾರ. ನಾ ಒಬ್ಬಾಕಿ ಹೋಗಿ ಹೇಳಿದ್ರ, ಮುದುಕಿ ಗಂಡನ್ನ ವಹಿಸಿಕೊಂಡು ಬಂದಾಳ ಅಂತ ನಗತಾರ.”

ಅಂಬಿಗ ಕೂಗಿದ. ಕಾಳಮ್ಮ ರೂಪಾಯಿಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ದೋಣಿ ಹತ್ತಿದಳು. ದೋಣಿ ನಡುಹೊಳೆ ಮುಟ್ಟುವ ತನಕ ಕೊಟ್ರಪ್ಪ ನಿಂತು ನೋಡಿದ. ಅವಳು ತಿರುಗಿ ನೋಡಲಿಲ್ಲ.

ಮಠಕ್ಕೆ ಬಂದು ಗುರುಗಳಿಗೆ ನಡೆದದ್ದೆಲ್ಲ ಹೇಳಿದ.

“ಬೆಲೆನೂ ಹೇಳಿದೆ, ಅಪ್ಪಾರ. ಅಕಿ ಕಿವಿಗೇ ಹಾಕ್ಕೊಳ್ಳಲಿಲ್ಲ.”

ಸಂಗಯ್ಯನವರು ತಕ್ಕಡಿಯಲ್ಲಿ ಉಳಿದಿದ್ದ ಒಳ್ಳೆಯ ರೂಪಾಯಿಯನ್ನು ತೆಗೆದಿಟ್ಟರು.

“ದೋಣ್ಯಾಗ ಅಕಿ ಜೊತಿ ಯಾರಿದ್ರು?”

“ಯಾರೂ ಇರಲಿಲ್ಲ.”

“ಮತ್ತ ಅಕಿ ಊರಿಗೆ ಹೋಗಿ ಹೇಳದ ನೀ ಯಾಕ ತಿರುಗಿ ಬಂದಿ?”